ಆಯುಷ್ಮಾನ್ ಕಾರ್ಡ್ ಇದೆ, ಪ್ಲಾಸ್ಟಿಕ್ ಸರ್ಜನ್ ಎಲ್ಲಿ?

ಬಿಪಿಎಲ್ ಕಾರ್ಡ್ ರದ್ದಾಗುವ ಸುದ್ದಿ ಬಂದಾಗಲೆಲ್ಲ ಅಕ್ಕಿಯ ಮಾತೇ ಜಾಸ್ತಿ. 2024ರ ನವೆಂಬರ್‌ನಲ್ಲಿ ಹಲವರ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾಗಿ ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದ ಬಡವರ ಕಾರ್ಡ್ ವಾಪಸ್ ಕೊಡಿ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಮರುವರ್ಷ ಅದೇ ಮಾತು ಮತ್ತೆ ಎದ್ದಿತು. ಅಕ್ಕಿ ಹೇಗೋ ನಡೆಯುತ್ತದೆ ಎನ್ನುವವರಿಗೂ ಒಂದು ದಿನ ಆಸ್ಪತ್ರೆಯ ಕೌಂಟರ್‌ನಲ್ಲಿ ಈ ಕಾರ್ಡಿನ ಬೆಲೆ ಗೊತ್ತಾಗುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯಾದ ಆಯುಷ್ಮಾನ್‌ನಲ್ಲಿ ನಿಮಗೆ ಎಷ್ಟು ಸಿಗಬೇಕು ಎಂದು ನಿರ್ಧರಿಸುವುದು ಅದೇ ಕಾರ್ಡ್.

ಈ ಗೊಂದಲ ಎಲ್ಲ ಚಿಕಿತ್ಸೆಗೂ ಇದೆ. ಪ್ಲಾಸ್ಟಿಕ್ ಸರ್ಜರಿ ವಿಷಯದಲ್ಲಿ ಮಾತ್ರ ಅದು ಮೂರು ಪಟ್ಟು. ಮಂಗಳೂರು, ಉಡುಪಿ ಕಡೆ ಕೇಳಿಬರುವ ಪ್ರಶ್ನೆ ಒಂದೇ: ‘ಇಲ್ಲಿ ಆಯುಷ್ಮಾನ್ ಕಾರ್ಡ್ ತಗೊಳ್ಳುವ ಪ್ಲಾಸ್ಟಿಕ್ ಸರ್ಜನ್ ಯಾರಿದ್ದಾರೆ?’ ಕೇಳುವವರ ತಪ್ಪೇನೂ ಇಲ್ಲ. ಆದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಯಾಕೆಂದರೆ ಯೋಜನೆಯ ಲೆಕ್ಕದಲ್ಲಿ ಡಾಕ್ಟರ್ ಎನ್ನುವ ಮನುಷ್ಯ ಬರುವುದೇ ಇಲ್ಲ.

ಹೆಸರಿನಲ್ಲೇ ಎಡವಟ್ಟು

ಮೊದಲು ಹೆಸರಿನ ಕಥೆ ಮುಗಿಸೋಣ. ಪ್ಲಾಸ್ಟಿಕ್ ಸರ್ಜರಿಗೂ ನಾವು ಮೀನು ತರುವ ಪ್ಲಾಸ್ಟಿಕ್ ಕವರಿಗೂ ಸಂಬಂಧವಿಲ್ಲ. ಮೂಲ ಗ್ರೀಕ್ ಪದಕ್ಕೆ ‘ರೂಪ ಕೊಡುವುದು’ ಎಂದು ಅರ್ಥ. ಮೈಯ ಒಂದು ಕಡೆಯ ಚರ್ಮ, ಮಾಂಸ, ಎಲುಬನ್ನು ತೆಗೆದು ಇನ್ನೊಂದು ಕಡೆ ಕೂರಿಸಿ ಕಳೆದುಹೋದದ್ದನ್ನು ಕಟ್ಟಿಕೊಡುವ ಕೆಲಸ ಅದು. ಈ ವಿದ್ಯೆಯಲ್ಲಿ ನಮ್ಮವರದೇ ಹಳೇ ಹೆಸರು. ಸುಶ್ರುತನ ಮಾತು ಹಾಗಿರಲಿ. ಮೈಸೂರು ಯುದ್ಧದ ಕಾಲದಲ್ಲಿ ಟಿಪ್ಪುವಿನ ಸೈನಿಕರಿಗೆ ಸಿಕ್ಕಿಬಿದ್ದು ಮೂಗು ಕಳಕೊಂಡ ಕೊವಾಸ್ಜಿ ಎಂಬ ಎತ್ತಿನಗಾಡಿಯವನಿಗೆ ಪುಣೆ ಕಡೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟಿದ್ದರು. 1794ರಲ್ಲಿ ಆ ವಿವರ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಮೇಲೆಯೇ ಯುರೋಪಿನ ವೈದ್ಯರು ಇದನ್ನು ಗಂಭೀರವಾಗಿ ಕಲಿಯತೊಡಗಿದ್ದು.

ಈಗ ಜನರ ತಲೆಯಲ್ಲಿ ಉಳಿದಿರುವುದು ಸಿನಿಮಾ ನಟಿಯರ ಮೂಗು, ತುಟಿ ಮಾತ್ರ. ಹಾಗಾಗಿ ‘ಇದಕ್ಕೆಲ್ಲ ಸರ್ಕಾರ ದುಡ್ಡು ಕೊಡ್ತದಾ?’ ಅಂತ ಕೇಳದೆಯೇ ಎಷ್ಟೋ ಮಂದಿ ಸುಮ್ಮನಾಗಿಬಿಡುತ್ತಾರೆ. ನಿಜ ಸಂಗತಿ ಬೇರೆ. ಆಯುಷ್ಮಾನ್ ಭಾರತ್‌ನ ಕೇಂದ್ರದ ಪ್ಯಾಕೇಜ್ ಪಟ್ಟಿಯಲ್ಲಿ, ಅಂದರೆ ಯಾವ ಚಿಕಿತ್ಸೆಗೆ ಎಷ್ಟು ದರ ಎಂಬ ಪಟ್ಟಿಯಲ್ಲಿ, ಪ್ಲಾಸ್ಟಿಕ್ ಸರ್ಜರಿಗೆ ಒಂದು ವಿಭಾಗ, ಸುಟ್ಟ ಗಾಯಕ್ಕೆ ಇನ್ನೊಂದು ವಿಭಾಗ ಪ್ರತ್ಯೇಕವಾಗಿಯೇ ಇದೆ. ಬಿಸಿನೀರು, ಬೆಂಕಿ, ಕರೆಂಟು, ಆಸಿಡ್‌ನಿಂದ ಸುಟ್ಟದ್ದು, ಸುಟ್ಟ ಮೇಲೆ ಚರ್ಮ ಬಿಗಿದು ಕೈ ಮಡಚಿಕೊಂಡದ್ದು, ಮೆಷಿನ್ನಿಗೆ ಕೂದಲು ಸಿಕ್ಕಿ ತಲೆಯ ಚರ್ಮ ಕಿತ್ತು ಬಂದದ್ದು, ಹುಟ್ಟುವಾಗಲೇ ಕಿವಿ ಬೆಳೆಯದೆ ಇದ್ದದ್ದು ಎಲ್ಲ ಈ ಕೆಲಸದೊಳಗೆ ಬರುತ್ತವೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಮಲಗಿದಲ್ಲೇ ಇರುವವರ ಬೆನ್ನಿನ ಹುಣ್ಣಿಗೂ ಕೊನೆಗೆ ಬೇಕಾಗುವುದು ಇದೇ ಸರ್ಜನ್. ಬಾಯಿ ಕ್ಯಾನ್ಸರಿಗೆ ದವಡೆ ತೆಗೆದ ಮೇಲೆ ಕಾಲಿನ ಎಲುಬಿನಿಂದ ಹೊಸ ದವಡೆ ಕಟ್ಟುವವರೂ ಇವರೇ.

ಕಾರ್ಡ್ ನೋಡುವುದು ಆಸ್ಪತ್ರೆಯನ್ನು

ಇನ್ನು ವಿಷಯದ ಗಂಟು ಇರುವ ಜಾಗಕ್ಕೆ ಬರೋಣ. ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಾವು ಬಾಯಿಮಾತಿಗೆ ‘ಇನ್ಶೂರೆನ್ಸ್’ ಎನ್ನುತ್ತೇವೆ, ಆದರೆ ನಡುವೆ ವಿಮಾ ಕಂಪನಿ ಇಲ್ಲ. ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ.

ಯಾವ ಆಸ್ಪತ್ರೆಗೆ? ಯೋಜನೆಯಲ್ಲಿ ನೋಂದಣಿಯಾದ ಆಸ್ಪತ್ರೆಗೆ. ಆ ನೋಂದಣಿಯೂ ಇಡೀ ಆಸ್ಪತ್ರೆಗೆ ಒಟ್ಟಾಗಿ ಸಿಗುವುದಿಲ್ಲ, ವಿಭಾಗವಾರು ಸಿಗುತ್ತದೆ. ಒಂದು ಆಸ್ಪತ್ರೆಗೆ ಹೃದಯ ವಿಭಾಗಕ್ಕೆ ಒಪ್ಪಿಗೆ ಇರಬಹುದು, ಮೂಳೆ ವಿಭಾಗಕ್ಕೆ ಇರಬಹುದು, ಪ್ಲಾಸ್ಟಿಕ್ ಸರ್ಜರಿಗೆ ಇಲ್ಲದಿರಬಹುದು. ಗೇಟಿನ ಹತ್ತಿರ ‘ಇಲ್ಲಿ ಆಯುಷ್ಮಾನ್ ಸೌಲಭ್ಯವಿದೆ’ ಎಂಬ ಬೋರ್ಡ್ ಇದ್ದರೂ ಒಳಗೆ ಹೋದ ಮೇಲೆ ‘ಈ ಆಪರೇಷನ್ನಿಗೆ ಆಗುವುದಿಲ್ಲ’ ಎಂದು ಹೇಳಲು ಇದೇ ಕಾರಣ. ಬೋರ್ಡಿನಲ್ಲೂ ಸುಳ್ಳಿಲ್ಲ, ಕೌಂಟರಿನಲ್ಲೂ ಸುಳ್ಳಿಲ್ಲ. ಅಲೆದಾಟ ಮಾತ್ರ ರೋಗಿಯದು.

ಮಂಗಳೂರಿನ ತಜ್ಞ ವೈದ್ಯರ ದಿನಚರಿ ಗೊತ್ತಿದ್ದವರಿಗೆ ಮುಂದಿನದ್ದು ಸುಲಭವಾಗಿ ಅರ್ಥವಾಗುತ್ತದೆ. ಬೆಳಿಗ್ಗೆ ಮೆಡಿಕಲ್ ಕಾಲೇಜು, ಮಧ್ಯಾಹ್ನ ಇನ್ನೊಂದು ಕಡೆ ವಿಸಿಟಿಂಗ್, ಸಂಜೆ ಪೇಟೆಯಲ್ಲಿ ಸ್ವಂತ ಕ್ಲಿನಿಕ್. ಅದೇ ಸರ್ಜನ್ ಬೆಳಿಗ್ಗೆ ಕಾರ್ಡಿನ ಮೇಲೆ ಪೈಸೆ ಇಲ್ಲದೆ ಆಪರೇಷನ್ ಮಾಡಬಹುದು, ಸಂಜೆ ಅದೇ ರೋಗಿಯಿಂದ ಫೀಸು ತೆಗೆದುಕೊಳ್ಳಬಹುದು. ಇದರಲ್ಲಿ ಮೋಸವಿಲ್ಲ. ಕ್ಲಿನಿಕ್ ಯೋಜನೆಯಲ್ಲಿ ಇರುವುದೇ ಇಲ್ಲ. ಯೋಜನೆಗೆ ಬೇಕಾದ್ದು ಒಳರೋಗಿಯಾಗಿ ದಾಖಲಾಗುವುದು. ಹೊರರೋಗಿ ಸಲಹೆಗೆ ಅದು ದುಡ್ಡು ಕೊಡುವುದಿಲ್ಲ. ಹಾಗಾಗಿ ಸಂಜೆಯ ಕ್ಲಿನಿಕ್‌ಗೆ ಹೋದವರು ಒಂದು ಮಾತು ಕೇಳಿಕೊಂಡು ಬಂದರೆ ಸಾಕು: ‘ಡಾಕ್ಟ್ರೇ, ಕಾರ್ಡಿನಲ್ಲಿ ಮಾಡಿಸುವುದಾದರೆ ಯಾವ ಆಸ್ಪತ್ರೆಗೆ ಬರಬೇಕು?’

ಹುಡುಕಾಟ ಶುರು ಮಾಡಲು ಮೆಡಿಕಲ್ ಕಾಲೇಜು ಆಸ್ಪತ್ರೆಗಳೇ ಸರಿ. ಈ ಭಾಗದಲ್ಲಿ ಅವಕ್ಕೆ ಬರವಿಲ್ಲ. ಮಣಿಪಾಲದಲ್ಲಿ ಕಸ್ತೂರ್ಬಾ, ಮಂಗಳೂರಿನಲ್ಲಿ ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ್. ದೇರಳಕಟ್ಟೆಯ ಆಸುಪಾಸಿನಲ್ಲೇ ಯೆನೆಪೋಯ, ಕೆ.ಎಸ್. ಹೆಗ್ಡೆ, ಕಣಚೂರು ಮೂರಿವೆ. ಕಾಲೇಜು ಆಸ್ಪತ್ರೆಗೆ ಕಲಿಸಲು ರೋಗಿಗಳು ಬೇಕು, ಹಾಸಿಗೆಗಳು ತುಂಬಿರಬೇಕು. ಆದ್ದರಿಂದ ಸರ್ಕಾರದ ರೇಟ್ ಕಡಿಮೆಯಾದರೂ ಅವರಿಗೆ ಯೋಜನೆ ಬಿಟ್ಟುಕೊಡುವುದು ಕಷ್ಟ. ಸಣ್ಣ ನರ್ಸಿಂಗ್ ಹೋಂಗೆ ಆ ಒತ್ತಡವಿಲ್ಲ. ಹಾಗಂತ ಎಲ್ಲ ಕಾಲೇಜಿನಲ್ಲೂ ಎಲ್ಲ ಆಪರೇಷನ್ ಕಾರ್ಡಿನಲ್ಲಿ ಆಗುತ್ತದೆ ಎಂದುಕೊಂಡು ಬಸ್ ಹತ್ತಬೇಡಿ. ಪಟ್ಟಿ ಬದಲಾಗುತ್ತಾ ಇರುತ್ತದೆ, ಹೋಗುವ ದಿನ ಕೇಳಿಯೇ ಹೋಗಬೇಕು.

ಕರಾವಳಿಯಲ್ಲಿ ಇನ್ನೊಂದು ಗೊಂದಲವೂ ಇದೆ. ಇಲ್ಲಿ ಮನೆಮನೆಯಲ್ಲೂ ಯಾವುದಾದರೂ ಆಸ್ಪತ್ರೆಯ ‘ಹೆಲ್ತ್ ಕಾರ್ಡ್’ ಇರುತ್ತದೆ. ಮಣಿಪಾಲ ಆರೋಗ್ಯ ಕಾರ್ಡ್ ಅದರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಇವು ರಿಯಾಯಿತಿ ಕಾರ್ಡುಗಳು. ಬಿಲ್ಲಿನಲ್ಲಿ ಇಷ್ಟು ಶೇಕಡಾ ಬಿಡುತ್ತಾರೆ, ಅಷ್ಟೇ. ಪರ್ಸಿನಲ್ಲಿ ಮೂರು ಕಾರ್ಡ್ ಇದೆ ಎಂದು ಧೈರ್ಯವಾಗಿ ಅಡ್ಮಿಟ್ ಆದವರಿಗೆ ಡಿಸ್ಚಾರ್ಜ್ ದಿನ ಆಯುಷ್ಮಾನ್‌ಗೂ ಆ ಕಾರ್ಡಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ವೆನ್ಲಾಕ್‌ನ ಚೀಟಿ

ಆಸ್ಪತ್ರೆ ಸಿಕ್ಕಿತು ಅಂದುಕೊಳ್ಳಿ. ಮುಂದಿನ ಬಾಗಿಲು ರೆಫರಲ್. ಯೋಜನೆಯ ನಿಯಮ ಸರಳ: ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆ ಅಲ್ಲೇ ಆಗಬೇಕು. ಅಲ್ಲಿ ಆಗದಿದ್ದರೆ ಚೀಟಿ ಬರೆದುಕೊಡುತ್ತಾರೆ, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ದಕ್ಷಿಣ ಕನ್ನಡದವರಿಗೆ ಇದರ ಅರ್ಥ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ.

ಇಲ್ಲೊಂದು ಸೂಕ್ಷ್ಮ ಇದೆ. ವೆನ್ಲಾಕ್ 1848ರಷ್ಟು ಹಳೆಯ ಆಸ್ಪತ್ರೆ. ಕೆಎಂಸಿಯ ವೈದ್ಯರು ದಶಕಗಳಿಂದ ಅಲ್ಲಿ ಕೆಲಸ ಮಾಡುತ್ತಾ ಬಂದಿದ್ದಾರೆ. ಹಾಗಾಗಿ ಬೇರೆ ಜಿಲ್ಲಾಸ್ಪತ್ರೆಗಳಲ್ಲಿ ಆಗದ ಕೆಲಸವೂ ಇಲ್ಲಿ ಆಗುವ ಸಾಧ್ಯತೆ ಹೆಚ್ಚು. ಒಳ್ಳೆಯದೇ ಅಲ್ವಾ? ಹೌದು. ಆದರೆ ‘ಇಲ್ಲೇ ಆಗುತ್ತದೆ’ ಎಂದಾದರೆ ರೆಫರಲ್ ಸಿಗುವುದಿಲ್ಲ, ಸರದಿ ಕಾಯಬೇಕು. ಹಳೇ ಗಾಯದ ಕಲೆಗೆ ಕಾಯಬಹುದು. ಸುಟ್ಟ ಕೈಯ ಚರ್ಮ ಬಿಗಿಯುತ್ತಾ ಹೋಗುವಾಗ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಬಿಗಿದ ಚರ್ಮ ಬಿಡಿಸುವುದು ತಡವಾದಷ್ಟೂ ಒಳಗಿನ ಕೀಲು ಗಟ್ಟಿಯಾಗುತ್ತದೆ. ಆಮೇಲೆ ಒಂದು ಆಪರೇಷನ್ ಸಾಲುವುದಿಲ್ಲ. ಕಾಯುವುದು ಎಷ್ಟು ದಿನ ಎಂದು ಕೇಳುವ ಹಕ್ಕು ರೋಗಿಗಿದೆ. ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ತುರ್ತು ಇದ್ದರೆ ಈ ಚೀಟಿ ಬೇಡ. ಮಲ್ಪೆ ಬಂದರಿನಲ್ಲಿ ವಿಂಚಿನ ಹಗ್ಗಕ್ಕೆ ಸಿಕ್ಕಿ ಬೆರಳು ತುಂಡಾಯಿತು ಎಂದುಕೊಳ್ಳಿ. ಅಂಥವರು ರೆಫರಲ್‌ಗೆ ಓಡಾಡಿದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಮತ್ತೆ ಜೋಡಿಸುವುದು ಗಂಟೆಗಳ ಆಟ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಟ್ಟು ತರಬೇಕು. ಬಂದರಿನಲ್ಲಿ ಐಸಿಗೇನು ಕೊರತೆ ಎಂದು ಬೆರಳನ್ನು ನೇರ ಐಸಿಗೆ ಹಾಕಬಾರದು. ಹೆಪ್ಪುಗಟ್ಟಿದ ಬೆರಳು ಜೋಡಿಸಲು ಬರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ‘ಬೆರಳು ಜೋಡಿಸುವ ಸರ್ಜನ್ ಈಗ ಇದ್ದಾರಾ?’ ಎಂದು ಕೇಳಿ. ಇಲ್ಲದ ಕಡೆ ಹೋಗಿ ಅಲ್ಲಿಂದ ಇನ್ನೊಂದು ಕಡೆ ಕಳಿಸಿಕೊಳ್ಳುವುದರಲ್ಲೇ ಅರ್ಧ ಸಮಯ ಹೋಗುತ್ತದೆ.

ಬಿಪಿಎಲ್ ಹೋದರೆ ಏನಾಗುತ್ತದೆ?

ಇಲ್ಲೇ ರೇಷನ್ ಕಾರ್ಡಿನ ಸುದ್ದಿ ಬಂದು ಸೇರಿಕೊಳ್ಳುವುದು. ಯೋಜನೆಯಲ್ಲಿ ಎರಡು ಬಗೆಯ ಜನ. ಬಿಪಿಎಲ್, ಅಂತ್ಯೋದಯ ಕಾರ್ಡಿನವರು ‘ಅರ್ಹತಾ ರೋಗಿ’. ಅವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ. ಉಳಿದವರು ‘ಸಾಮಾನ್ಯ ರೋಗಿ’. ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

ಒಂದು ಆಪರೇಷನ್ನಿನ ಪ್ಯಾಕೇಜ್ 50,000 ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಿಪಿಎಲ್ ಇದ್ದರೆ ಮನೆಯವರು ಕೊಡುವುದು ಸೊನ್ನೆ. ಎಪಿಎಲ್ ಆದರೆ ಸರ್ಕಾರದ್ದು 15,000, ಕೈಯಿಂದ 35,000. ಪ್ಲಾಸ್ಟಿಕ್ ಸರ್ಜರಿಯ ಸಮಸ್ಯೆ ಏನೆಂದರೆ ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಗಾಯ ಸ್ವಚ್ಛ ಮಾಡಬೇಕು, ಆಮೇಲೆ ಚರ್ಮ ಹಾಕಬೇಕು, ಆರು ತಿಂಗಳಿಗೆ ಬಿಗಿತ ಬಿಡಿಸಬೇಕು. ಕಿವಿ ಕಟ್ಟುವುದಕ್ಕೂ ಹಂತಗಳಿವೆ. ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ನಡುವೆ ಕಾರ್ಡಿನ ಬಣ್ಣ ಬದಲಾದರೆ ಅರ್ಧ ಕಟ್ಟಿದ ಕಿವಿಯೊಂದಿಗೆ ಮನೆಯಲ್ಲಿ ಕೂರುವ ಪರಿಸ್ಥಿತಿ.

ವಾರ್ಷಿಕ ಆದಾಯ 1.2 ಲಕ್ಷ ದಾಟಬಾರದು ಎಂಬ ಮಿತಿಯೇ ಇಷ್ಟೆಲ್ಲ ಗಲಾಟೆಗೆ ಮೂಲ. ದಿನಗೂಲಿ ಲೆಕ್ಕ ಹಾಕಿದರೂ ಕರಾವಳಿಯಲ್ಲಿ ಹೆಚ್ಚಿನ ಮನೆಗಳು ಇದನ್ನು ದಾಟುತ್ತವೆ. ಸರ್ಕಾರದ ವಾದದಲ್ಲೂ ಹುರುಳಿದೆ: ಕಾರು, ದೊಡ್ಡ ಮನೆ ಇದ್ದವರೂ ಬಿಪಿಎಲ್ ಇಟ್ಟುಕೊಂಡರೆ ದುಡ್ಡು ಎಲ್ಲಿಂದ ತರುವುದು? ಆದರೆ ಅಕ್ಕಿಗೆ ಯಾರು ಅರ್ಹರು ಎಂಬುದೂ, ಆಪರೇಷನ್ ಖರ್ಚು ಯಾರಿಗೆ ತಡೆಯುವುದಿಲ್ಲ ಎಂಬುದೂ ಒಂದೇ ಪ್ರಶ್ನೆಯಲ್ಲ. ಎರಡಕ್ಕೂ ಒಂದೇ ಕಾರ್ಡ್ ಇಟ್ಟದ್ದೇ ಈ ಯೋಜನೆಯ ದೊಡ್ಡ ತಪ್ಪು ಎಂದು ನನ್ನ ಲೆಕ್ಕ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಮನೆಯವರು ಅಕ್ಕಿ ಕೊಳ್ಳಬಲ್ಲರು, ಮೂರು ಹಂತದ ಆಪರೇಷನ್ ಕೊಳ್ಳಲಾರರು.

ಚಂದ ಮಾಡುವುದು, ಸರಿ ಮಾಡುವುದು

ಯೋಜನೆ ಸೌಂದರ್ಯದ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಹೊಟ್ಟೆಯ ಕೊಬ್ಬು ತೆಗೆಯುವುದು, ಕೂದಲು ನೆಡುವುದು, ಮೂಗು ಚೂಪು ಮಾಡುವುದು ಹೊರಗೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಗಡಿಯಲ್ಲಿ. ಕೆನ್ನೆಯ ಮೇಲಿನ ಸುಟ್ಟ ಕಲೆ ತೆಗೆಯುವುದು ಚಂದಕ್ಕೋ ಅಗತ್ಯಕ್ಕೋ? ಅದೇ ಕಲೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಕಣ್ಣು ಮುಚ್ಚದಂತೆ ಮಾಡಿದ್ದರೆ? ಬಣ್ಣ ತಿಳಿ ಮಾಡಿ ಎಂದರೆ ಅಪ್ರೂವಲ್ ಬರುವುದಿಲ್ಲ. ರೆಪ್ಪೆ ಮುಚ್ಚುತ್ತಿಲ್ಲ ಎಂದರೆ ಬರುತ್ತದೆ. ಆಪರೇಷನ್ನಿಗೆ ಮೊದಲು ಆಸ್ಪತ್ರೆಯವರು ಫೋಟೊ, ವರದಿ ಕಳಿಸಿ ಟ್ರಸ್ಟಿನ ಒಪ್ಪಿಗೆ ಕೇಳುತ್ತಾರೆ. ಅತ್ತ ಕಡೆ ಕುಳಿತವರಿಗೆ ರೋಗಿಯ ಮುಖ ಕಾಣುವುದಿಲ್ಲ, ಕಾಗದ ಕಾಣುತ್ತದೆ. ಆದ್ದರಿಂದ ಡಾಕ್ಟರ್ ಹತ್ತಿರ ಮಾತಾಡುವಾಗ ‘ಕಲೆ ಹೋಗಬೇಕು’ ಎನ್ನುವುದಕ್ಕಿಂತ ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ಹೇಳಿ. ಬೆರಳು ಮಡಚಲು ಬರುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಇದು ಉಪಾಯವಲ್ಲ, ಕೇಸ್ ಶೀಟಿನಲ್ಲಿ ಇರಬೇಕಾದ ವಿಷಯವೇ ಅದು.

ಭಾರದ ಜುಮುಕಿಗೆ ಹರಿದ ಕಿವಿಯ ಹಾಲೆ ಹೊಲಿಸುವುದಕ್ಕೆ ಮಾತ್ರ ಯಾವ ಕಾರ್ಡನ್ನೂ ಹುಡುಕಬೇಡಿ. ಅಡ್ಮಿಟ್ ಇಲ್ಲದೆ ಮುಗಿಯುವ ಸಣ್ಣ ಕೆಲಸ, ಕೈಯಿಂದಲೇ ಕೊಟ್ಟು ಮಾಡಿಸುವುದು. ಹಾಗೆ ಕೈಯಿಂದ ಕೊಡುವಾಗಲೂ ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ ನೋಡಿ. ‘ಕಾಸ್ಮೆಟಿಕ್’ ಎಂದು ಬೋರ್ಡ್ ಹಾಕಿದವರೆಲ್ಲ ಸರ್ಜನ್‌ಗಳಲ್ಲ.

ಆಸ್ಪತ್ರೆಗಳ ಗೊಣಗಾಟ

ಖಾಸಗಿ ಆಸ್ಪತ್ರೆಗಳ ದೂರು ಹೊಸದೇನಲ್ಲ: ಪ್ಯಾಕೇಜ್ ದರ ಕಡಿಮೆ, ಬಿಲ್ ಪಾಸಾಗುವುದು ತಡ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಇದು ಹೆಚ್ಚು ಚುಚ್ಚುತ್ತದೆ. ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ತೆಗೆದು ಇನ್ನೊಂದು ಕಡೆ ಜೋಡಿಸುವ ಒಂದು ‘ಫ್ಲಾಪ್’ ಆಪರೇಷನ್ನಿಗೆ ಎಂಟು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ನಾಲ್ಕೈದು ಸಣ್ಣ ಆಪರೇಷನ್ ಮುಗಿಯುತ್ತಿತ್ತು. ಸುಟ್ಟ ಗಾಯದವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ಡ್ರೆಸ್ಸಿಂಗ್‌ಗೇ ದಿನಕ್ಕೆ ಇಷ್ಟು ಎಂದು ಖರ್ಚು. ಹೀಗಾಗಿ ಆಸ್ಪತ್ರೆ ‘ಇಲ್ಲ’ ಎನ್ನುವುದಿಲ್ಲ, ‘ಹಾಸಿಗೆ ಖಾಲಿ ಇಲ್ಲ’ ಎನ್ನುತ್ತದೆ.

ಸರ್ಕಾರ ಹೇಳುವುದು ಬೇರೆ. ದರ ಏರಿಸಿದರೆ ಅದೇ ದುಡ್ಡಿನಲ್ಲಿ ಕಡಿಮೆ ಜನರಿಗೆ ಚಿಕಿತ್ಸೆ, ಜತೆಗೆ ಸುಳ್ಳು ಬಿಲ್ಲಿನ ಕಾಟ. ಎರಡೂ ವಾದ ನಿಜವೇ. ನಡುವೆ ನಡೆಯುವ ಒಂದು ಕೆಲಸ ಮಾತ್ರ ಖಂಡಿತ ತಪ್ಪು: ಕಾರ್ಡಿನಲ್ಲಿ ಆಪರೇಷನ್ ಒಪ್ಪಿಕೊಂಡು, ಮೇಲಿಂದ ‘ಸ್ವಲ್ಪ ಕಟ್ಟಬೇಕಾಗ್ತದೆ’ ಎನ್ನುವುದು. ಅರ್ಹತಾ ರೋಗಿಗೆ ಪ್ಯಾಕೇಜ್ ಎಂದರೆ ಔಷಧ, ಊಟ, ಹಾಸಿಗೆ ಎಲ್ಲ ಸೇರಿ. ಹಾಗೆ ಕೇಳಿದರೆ ರಸೀದಿ ಕೇಳಿ, ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ಕಾರ್ಡಿಲ್ಲದೆಯೂ ಇರುವ ದಾರಿಗಳು

ಬೈಕಂಪಾಡಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ರೇಷನ್ ಕಾರ್ಡಿನ ಚಿಂತೆಯೇ ಬೇಡ. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ನೌಕರರ ವಿಮಾ ಯೋಜನೆಯಾದ ಇಎಸ್‌ಐ ಒಳಗೆ ಬರುತ್ತಾರೆ. ಕದ್ರಿ ಶಿವಭಾಗಿನ ಇಎಸ್‌ಐ ಆಸ್ಪತ್ರೆಗೆ ಹೋದರೆ, ಅಲ್ಲಿ ಆಗದ್ದಕ್ಕೆ ಒಪ್ಪಂದದ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಹಾಲಿನ ಸೊಸೈಟಿಯಂಥ ಸಹಕಾರಿ ಸಂಘದ ಸದಸ್ಯರಾಗಿದ್ದು ಸಹಕಾರಿಗಳ ಆರೋಗ್ಯ ಯೋಜನೆಯಾದ ಯಶಸ್ವಿನಿಗೆ ದುಡ್ಡು ಕಟ್ಟಿದ್ದರೆ ಅದನ್ನೂ ಕೇಳಿ ನೋಡಿ.

ರಸ್ತೆ ಅಪಘಾತಕ್ಕೆ 2025ರ ಮೇಯಲ್ಲಿ ಕೇಂದ್ರ ಹೊಸ ಯೋಜನೆ ತಂದಿದೆ. ಗಾಯಾಳುವಿಗೆ ಏಳು ದಿನ, 1.5 ಲಕ್ಷದವರೆಗೆ ಹಣ ಕಟ್ಟದೆ ಚಿಕಿತ್ಸೆ. ಹೆದ್ದಾರಿ 66ರ ಉದ್ದಕ್ಕೂ ದಿನವೂ ಬೈಕು ಬೀಳುವ ಊರಿಗೆ ಇದು ದೊಡ್ಡ ಆಸರೆ. ಆದರೆ ಕಾಲಿನ ಚರ್ಮ ಕಿತ್ತುಹೋದ ಗಾಯ ಹದಕ್ಕೆ ಬಂದು ಚರ್ಮ ಕಸಿ ಮಾಡುವ ಹೊತ್ತಿಗೆ ಎಷ್ಟೋ ಸಲ ಏಳು ದಿನ ದಾಟಿರುತ್ತದೆ. ಮೊದಲ ದಿನವೇ ಆಯುಷ್ಮಾನ್ ಕಾಗದಪತ್ರವನ್ನೂ ತಯಾರು ಮಾಡಿಡುವುದು ಜಾಣತನ.

ಆಸಿಡ್ ದಾಳಿಗೆ ಕಾನೂನು ಇನ್ನೂ ಗಟ್ಟಿ. 2024ರ ಮಾರ್ಚ್‌ನಲ್ಲಿ ಕಡಬದ ಕಾಲೇಜಿನಲ್ಲಿ ಮೂವರು ಹುಡುಗಿಯರ ಮೇಲೆ ನಡೆದ ದಾಳಿ ಯಾರೂ ಮರೆತಿಲ್ಲ. ಸಂತ್ರಸ್ತರಿಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕು. ಅದರಲ್ಲಿ ಔಷಧ, ಹಾಸಿಗೆ, ಊಟದ ಜತೆ ಪುನರ್ರಚನಾ ಶಸ್ತ್ರಚಿಕಿತ್ಸೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಬಿಡಿಸಿ ಹೇಳಿದೆ. ಮೊದಲು ನೋಡಿದ ಆಸ್ಪತ್ರೆ ಸಂತ್ರಸ್ತೆ ಎಂಬ ಸರ್ಟಿಫಿಕೇಟ್ ಕೊಡಬೇಕು. ಮುಂದಿನ ಎಲ್ಲ ಆಪರೇಷನ್ನಿಗೂ ಅದೇ ಆಧಾರ.

ಸೀಳುತುಟಿಯ ಮಗು ಹುಟ್ಟಿದ ಮನೆಯವರು ಕಾರ್ಡಿಗೆ ಕಾಯಲೇಬೇಡಿ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಕ್ರೇನಿಯೋಫೇಶಿಯಲ್ ಸಂಸ್ಥೆಯಲ್ಲಿ ಉಚಿತವಾಗಿ ಈ ಆಪರೇಷನ್ ಮಾಡುತ್ತಾ ಬಂದಿದ್ದಾರೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರಿ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲೂ ಸೀಳುತುಟಿ ಇದೆ. ತುಟಿಗೆ ಮೂರು ತಿಂಗಳ ಮೇಲೆ, ಅಂಗುಳಕ್ಕೆ ಒಂದು ವರ್ಷದ ಆಸುಪಾಸಿನಲ್ಲಿ, ಮಾತು ಬರುವ ಮೊದಲು ಆಗಬೇಕು. ಗ್ರಹಣದ ಮಾತು, ಹರಕೆಯ ಮಾತು ಎನ್ನುತ್ತಾ ಕೂತರೆ ಮಾತು ಮೂಗಿನಿಂದಲೇ ಬರುವುದು ರೂಢಿಯಾಗುತ್ತದೆ.

ಕೌಂಟರಿನಲ್ಲಿ ಕೇಳಬೇಕಾದ್ದು

ಯೋಜನೆಯ ಜಾಲತಾಣದಲ್ಲಿ ಜಿಲ್ಲೆ ಮತ್ತು ವಿಭಾಗ ಹಾಕಿ ಆಸ್ಪತ್ರೆ ಹುಡುಕುವ ಸೌಲಭ್ಯವಿದೆ, ಅಲ್ಲಿಂದ ಶುರು ಮಾಡಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನೇ ಹಿಡಿಯಿರಿ. ರಿಸೆಪ್ಷನ್ನಿನವರಿಗೆ ಇದೆಲ್ಲ ಗೊತ್ತಿರುವುದು ಕಡಿಮೆ. ಆರೋಗ್ಯಮಿತ್ರರ ಮೇಜಿನ ಮುಂದೆ ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ತುಂಬಿದ ಕವರ್ ಹಿಡಿದು ನಿಂತಾಗ ‘ಆಯುಷ್ಮಾನ್ ಇದೆಯಾ?’ ಎಂದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ‘ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ನೋಂದಣಿ ಇದೆಯಾ, ಡಾಕ್ಟರ್ ಬರೆದ ಈ ಆಪರೇಷನ್ ಪ್ಯಾಕೇಜಿನಲ್ಲಿದೆಯಾ, ರೆಫರಲ್ ಬೇಕಾ?’ ಎಂದು ಕೇಳಿ. ಮನೆಯಲ್ಲಿ ಹೊಸ ಮಗು ಇದ್ದರೆ ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿ ಇವತ್ತೇ ಹಾಕಿ.

ಇನ್ನೊಂದು ಪ್ರಶ್ನೆಯನ್ನು ಡಿಸ್ಚಾರ್ಜ್‌ಗೆ ಮೊದಲೇ ಕೇಳಬೇಕು. ಯೋಜನೆಯ ಔಷಧದ ಖರ್ಚು ಮನೆಗೆ ಬಂದ ಮೇಲೆ 15 ದಿನಕ್ಕೆ ನಿಲ್ಲುತ್ತದೆ. ಸುಟ್ಟ ಗಾಯದ ಕಲೆ ಹದಕ್ಕೆ ಬರಲು ವರ್ಷವೇ ಬೇಕು. ಅಷ್ಟು ದಿನವೂ ಬಿಗಿಯಾದ ಪ್ರೆಷರ್ ಬಟ್ಟೆ ಹಾಕಬೇಕು, ವ್ಯಾಯಾಮ ಮಾಡಿಸಬೇಕು. ಅದನ್ನು ಬಿಟ್ಟರೆ ಹಾಕಿದ ಚರ್ಮವೇ ಮತ್ತೆ ಬಿಗಿಯುತ್ತದೆ. ಆ ಬಟ್ಟೆ ಎಲ್ಲಿ ಹೊಲಿಯುತ್ತಾರೆ, ಎಷ್ಟಾಗುತ್ತದೆ, ಫಿಸಿಯೋಥೆರಪಿಯನ್ನು ಮನೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದಾ ಎಂದು ವಾರ್ಡಿನಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.